ಪಿತ್ತಕೋಶ ಮತ್ತು ಪಿತ್ತನಾಳಗಳ ಅರ್ಬುದ: ಅದರ ಚರಿತ್ರೆಯೂ ಆಸ್ಪತ್ರೆಗಳ ಭಾರವೂ

ರಾಜ್ಯಗಳಿಗೂ ಭಾಷೆಗಳಿಗೂ ಇರುವಂತೆ ರೋಗಗಳಿಗೂ ಚರಿತ್ರೆಯುಂಟು. ಒಂದು ರೋಗವು ಯಾವ ಕಾಲದಲ್ಲಿ ವೈದ್ಯರ ಕಣ್ಣಿಗೆ ಬಿದ್ದಿತು, ಯಾವ ಹೆಸರಿನಿಂದ ಕರೆಯಲ್ಪಟ್ಟಿತು, ಯಾವ ದೇಶದಲ್ಲಿ ಹೆಚ್ಚಾಗಿ ನೆಲಸಿತು, ಅದರ ಲೆಕ್ಕವನ್ನು ಯಾರು ಎಂದಿನಿಂದ ಬರೆದಿಟ್ಟರು ಎಂಬ ವಿಷಯಗಳು ಅರಸರ ವಂಶಾವಳಿಗಿಂತ ಕಡಮೆ ವಿಚಾರಾರ್ಹವಾದುವಲ್ಲ. ಪಿತ್ತಕೋಶಕ್ಕೂ ಪಿತ್ತನಾಳಗಳಿಗೂ ಬರುವ ಅರ್ಬುದವು, ಎಂದರೆ ಲೋಕದಲ್ಲಿ ಕ್ಯಾನ್ಸರ್ ಎಂದು ಪ್ರಸಿದ್ಧವಾದ ವ್ಯಾಧಿಯು, ಈ ದೃಷ್ಟಿಯಿಂದ ವಿಶೇಷವಾಗಿ ಪರ್ಯಾಲೋಚನೆಗೆ ಅರ್ಹವಾಗಿದೆ. ಸಮಸ್ತ ಪ್ರಪಂಚದಲ್ಲಿ ಇದು ವಿರಳವೆಂದು ಎಣಿಸಲ್ಪಟ್ಟಿದ್ದರೂ ಗಂಗಾನದಿಯ ಬಯಲಿನಲ್ಲಿ ವಿರಳವಲ್ಲ. ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬರುವ ವೇಳೆಗೆ ಬಹುಮಟ್ಟಿಗೆ ಕಾಲ ಮಿಂಚಿಹೋಗಿರುತ್ತದೆ. ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ಪ್ರಾಚೀನರು ಏನನ್ನು ಬಲ್ಲವರಾಗಿದ್ದರು, ಏನನ್ನು ಅರಿತಿರಲಿಲ್ಲ ಎಂಬುದನ್ನು ಪಕ್ಷಪಾತವಿಲ್ಲದೆ ನಿರ್ಣಯಿಸಬೇಕು.

೧. ಅಂಗಗಳ ಸ್ವರೂಪ

ಯಕೃತ್ತಿನ ಕೆಳಮೈಗೆ ಅಂಟಿಕೊಂಡು ಸಣ್ಣ ಬದನೆಕಾಯಿಯ ಆಕಾರದ ಒಂದು ಚೀಲವಿರುವುದು, ಇದೇ ಪಿತ್ತಕೋಶ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಎಡ ಬಲ ನಾಳಗಳಿಂದ ಇಳಿದು, ಅವೆರಡೂ ಕೂಡಿದ ಮೇಲೆ ಒಂದೇ ನಾಳವಾಗಿ ಹರಿದು, ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಪಿತ್ತಕೋಶವು ಈ ರಸವನ್ನು ಕೂಡಿಟ್ಟು, ಸಾಂದ್ರಗೊಳಿಸಿ, ಸ್ನಿಗ್ಧಾಹಾರವು ಕರುಳಿಗೆ ಬಂದಾಗ ಹೊರಬಿಡುತ್ತದೆ. ಈ ಮಾರ್ಗವು ಎಲ್ಲಿಯಾದರೂ ಮುಚ್ಚಿಹೋದರೆ ಪಿತ್ತವು ರಕ್ತವನ್ನು ಸೇರಿ ಕಣ್ಣು, ಚರ್ಮ, ಮೂತ್ರಗಳು ಹಳದಿಯಾಗುವುವು; ಕರುಳಿಗೆ ಪಿತ್ತವು ತಲುಪದುದರಿಂದ ಮಲವು ಬಿಳುಪಾಗುವುದು; ಮೈಯೆಲ್ಲ ತುರಿಕೆ ಹತ್ತುವುದು. ಪಿತ್ತಕೋಶವು ಆಳದಲ್ಲಿ ಅಡಗಿರುವುದರಿಂದ ಅಲ್ಲಿ ಹುಟ್ಟಿದ ಅರ್ಬುದವು ಬಹುಕಾಲ ಹೊರಗೆ ತೋರದು. ಅದರ ಭಿತ್ತಿಯು ತೆಳುವಾಗಿರುವುದರಿಂದ ವ್ಯಾಧಿಯು ಪಕ್ಕದ ಯಕೃತ್ತಿಗೆ ಬೇಗನೆ ದಾಟುತ್ತದೆ. ಮುಂದಿನ ಚರಿತ್ರೆಗೆಲ್ಲ ಈ ಎರಡು ಸಂಗತಿಗಳೇ ಮೂಲ.

೨. ಪ್ರಾಚೀನ ಗ್ರಂಥಗಳ ಸಾಕ್ಷ್ಯ

ಪಿತ್ತಕೋಶದ ಅರ್ಬುದವು ಆಯುರ್ವೇದಾಚಾರ್ಯರಿಗೆ ತಿಳಿದೇ ಇತ್ತೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಇದಕ್ಕೆ ಅವರು ಕೊಡಬಹುದಾದ ಪ್ರಮಾಣಗಳು ಮೂರು. ಸುಶ್ರುತನು ನಿದಾನಸ್ಥಾನದಲ್ಲಿ ಹೇಳಿರುವ ಆರು ವಿಧದ ಅರ್ಬುದಗಳಲ್ಲಿ ಪಿತ್ತಾರ್ಬುದವೂ ಒಂದಾಗಿರುವುದು ಮೊದಲನೆಯದು. ಸ್ರೋತಸ್ಸುಗಳಲ್ಲಿ ಹುಟ್ಟಿದ ಅರ್ಬುದವನ್ನು ಅಸಾಧ್ಯಗಳಲ್ಲಿ ಎಣಿಸಿರುವುದು ಎರಡನೆಯದು. ಪಿತ್ತಾಶಯವೆಂಬ ಶಬ್ದದ ಪ್ರಯೋಗವು ಮೂರನೆಯದು.

ವಿಚಾರಮಾಡಿದರೆ ಈ ಮೂರೂ ನಿಲ್ಲುವುದಿಲ್ಲ. ಪಿತ್ತಾರ್ಬುದವೆಂದರೆ ಪಿತ್ತದೋಷದ ಪ್ರಕೋಪದಿಂದ ಶರೀರದ ಯಾವ ಭಾಗದಲ್ಲಾದರೂ ಹುಟ್ಟಿದ ಅರ್ಬುದವೇ ಹೊರತು ಪಿತ್ತಕೋಶದಲ್ಲಿ ಹುಟ್ಟಿದುದೆಂದು ಅರ್ಥವಲ್ಲ. ಅಲ್ಲಿಯ ಸಮಾಸವು ಕಾರಣವನ್ನು ಹೇಳುತ್ತದೆ, ಸ್ಥಾನವನ್ನಲ್ಲ. ಸ್ರೋತಸ್ಸೆಂಬುದು ದೇಹದ ಸಕಲ ಮಾರ್ಗಗಳಿಗೂ ಸಾಮಾನ್ಯವಾದ ಹೆಸರು. ಅದನ್ನು ಪಿತ್ತನಾಳಕ್ಕೇ ಕಟ್ಟಿಹಾಕುವುದು ಬಲಾತ್ಕಾರವಾದೀತು. ಪಿತ್ತಾಶಯವೆಂಬುದಾದರೋ ಆಮಾಶಯ ಪಕ್ವಾಶಯಗಳ ನಡುವಿನ ಪಿತ್ತಸ್ಥಾನವೆಂದು ಹೇಳಲ್ಪಟ್ಟಿದೆಯಲ್ಲದೆ ಯಕೃತ್ತಿನ ಕೆಳಗೆ ತೂಗುವ ಚೀಲವೆಂದು ಸ್ಪಷ್ಟವಾಗಿ ವರ್ಣಿತವಾಗಿಲ್ಲ. ಕ್ಲೋಮವೆಂಬ ಅಂಗವನ್ನು ಒಬ್ಬರು ಪಿತ್ತಕೋಶವೆಂದೂ ಮತ್ತೊಬ್ಬರು ಮೇದೋಜೀರಕಾಂಗವೆಂದೂ ಇನ್ನೊಬ್ಬರು ಶ್ವಾಸಕೋಶದ ಭಾಗವೆಂದೂ ವ್ಯಾಖ್ಯಾನಿಸಿದ್ದಾರೆ. ಹೀಗಿರಲಾಗಿ ಆ ಶಬ್ದದ ಮೇಲೆ ಯಾವ ಸಿದ್ಧಾಂತವನ್ನೂ ನಿಲ್ಲಿಸಲಾಗದು. ಸುಶ್ರುತನು ಹೇಳಿದ ಶವಶೋಧನದ ಕ್ರಮವನ್ನು ನೆನೆದರೆ ಇದರ ಕಾರಣವೂ ಊಹೆಗೆ ಬರುತ್ತದೆ. ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಕೊಳೆಸಿ, ಬಳಿಕ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ನೋಡಬೇಕೆಂದು ಆತನು ವಿಧಿಸಿದ್ದಾನೆ. ಅಸ್ಥಿಸ್ನಾಯುಗಳ ಪರಿಶೀಲನೆಗೆ ಇದು ಉತ್ತಮೋಪಾಯ. ಆದರೆ ತೆಳುವಾದ ಪಿತ್ತಕೋಶವು ಏಳು ದಿನಗಳ ಕೊಳೆತದ ಬಳಿಕ ತನ್ನ ರೂಪದಲ್ಲಿ ಉಳಿದಿರುವುದು ದುರ್ಲಭ.

ಇಷ್ಟರಿಂದ ಪ್ರಾಚೀನರಿಗೆ ಈ ವಿಷಯದಲ್ಲಿ ಏನೂ ತಿಳಿದಿರಲಿಲ್ಲವೆಂದು ಭಾವಿಸುವುದು ಮತ್ತೊಂದು ತಪ್ಪಾಗುವುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಪಾಂಡುರೋಗಾಧ್ಯಾಯದಲ್ಲಿ ಕಾಮಲೆಯು ಎರಡು ಬಗೆಯಾಗಿ ವಿಂಗಡಿಸಲ್ಪಟ್ಟಿದೆ. ಒಂದರಲ್ಲಿ ಪಿತ್ತವು ಅತಿಶಯವಾಗಿ ವೃದ್ಧಿಹೊಂದಿ ಮಲಮೂತ್ರಗಳೆರಡೂ ಬಣ್ಣಗೂಡುವುವು. ಮತ್ತೊಂದರಲ್ಲಿ ಕಫವು ಪಿತ್ತದ ದಾರಿಯನ್ನು ತಡೆಯುವುದರಿಂದ ರೋಗಿಯ ಕಣ್ಣು ಚರ್ಮಗಳು ಹಳದಿಯಾಗಿದ್ದರೂ ಮಲವು ಮಾತ್ರ ಅರೆದ ಎಳ್ಳಿನ ಹಿಟ್ಟಿನಂತೆ ಬೆಳ್ಳಗಿರುವುದು. ಮಲಕ್ಕೆ ಮತ್ತೆ ಪಿತ್ತದ ಬಣ್ಣವು ಬರುವವರೆಗೂ ಚಿಕಿತ್ಸೆಯನ್ನು ನಡೆಸಬೇಕೆಂದು ಅಲ್ಲಿ ವಿಧಿಯಿದೆ. ದೋಷಸಿದ್ಧಾಂತವನ್ನು ಒಪ್ಪಲಿ ಬಿಡಲಿ, ಈ ಲಕ್ಷಣಪರೀಕ್ಷೆಯು ಸತ್ಯವಾದುದು. ಹಳದಿಯಾದ ಕಣ್ಣು, ಬಿಳಿದಾದ ಮಲ ಇವೆರಡೂ ಒಟ್ಟಿಗೆ ಕಂಡರೆ ದಾರಿಯು ಮುಚ್ಚಿದೆಯೆಂದು ತಿಳಿಯಬೇಕೆಂಬ ಈ ಮಾತನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಮುಚ್ಚಿದ ವಸ್ತುವು ಕಲ್ಲೋ ಅರ್ಬುದವೋ ಎಂಬುದು ಆಚಾರ್ಯರಿಗೆ ಗೋಚರಿಸಲಿಲ್ಲ, ಮುಚ್ಚಿದೆಯೆಂಬುದು ಗೋಚರಿಸಿತು. ಪ್ರಾಚೀನರಿಗೆ ಸಲ್ಲಬೇಕಾದ ಗೌರವವು ಇದು. ಇದಕ್ಕಿಂತ ಹೆಚ್ಚನ್ನು ಆರೋಪಿಸುವುದು ಅವರಿಗೆ ಮಾಡುವ ಉಪಕಾರವಲ್ಲ.

೩. ಪಾಶ್ಚಾತ್ಯ ದೇಶಗಳಲ್ಲಿ ರೋಗದ ಅರಿವು

ಪಿತ್ತಕೋಶದ ಅರ್ಬುದವನ್ನು ಶವಪರೀಕ್ಷೆಯಿಂದ ಕಂಡು ವರ್ಣಿಸಿದವರಲ್ಲಿ ಮೊದಲಿಗನೆಂದು ವಿಯೆನ್ನಾ ನಗರದ ವೈದ್ಯನಾದ ಮ್ಯಾಕ್ಸಿಮಿಲಿಯನ್ ಸ್ಟೋಲನನ್ನು ಎಣಿಸುವುದು ವಾಡಿಕೆ. ಆತನ ವರ್ಣನೆಯ ಕಾಲ ಕ್ರಿ. ಶ. ೧೭೭೭. ಆಮೇಲೆ ನೂರು ವರ್ಷಗಳ ಕಾಲ ಈ ರೋಗವು ಸತ್ತವರಲ್ಲಿ ಮಾತ್ರ ಕಾಣತಕ್ಕದ್ದಾಗಿಯೇ ಉಳಿಯಿತು. ಬದುಕಿರುವವನ ಪಿತ್ತಕೋಶಕ್ಕೆ ಕೈಹಾಕುವ ಧೈರ್ಯವು ಯಾರಿಗೂ ಇರಲಿಲ್ಲ. ೧೮೬೭ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಜಾನ್ ಬಾಬ್ಸ್ ಎಂಬವನು ಪಿತ್ತಕೋಶವನ್ನು ಸೀಳಿ ಕಲ್ಲುಗಳನ್ನು ತೆಗೆದು ಹೊಲಿದನು. ೧೮೮೨ನೆಯ ಜುಲೈ ೧೫ರಂದು ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯನು, ಮೊದಲು ಶವಗಳ ಮೇಲೆ ಅಭ್ಯಾಸಮಾಡಿ, ೪೩ ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನೇ ಪೂರ್ಣವಾಗಿ ತೆಗೆದುಹಾಕಿದನು, ರೋಗಿಯು ಗುಣಹೊಂದಿದನು. ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂಬುದಕ್ಕಾಗಿಯಲ್ಲ, ಅದು ಕಲ್ಲುಗಳನ್ನು ಹುಟ್ಟಿಸುತ್ತದೆಯೆಂಬುದಕ್ಕಾಗಿ ಅದನ್ನು ತೆಗೆಯಬೇಕೆಂಬುದು ಆತನ ಮತವಾಗಿತ್ತು.

೧೮೯೦ರಲ್ಲಿ ಬಾಸೆಲ್ ನಗರದ ಕೂರ್ವೋಸಿಯೆ ಎಂಬ ಪಂಡಿತನು ಅನೇಕ ರೋಗಿಗಳ ವೃತ್ತಾಂತವನ್ನು ಕ್ರೋಡೀಕರಿಸಿ ಒಂದು ನಿಯಮವನ್ನು ಕಂಡನು. ಅದೆಂತೆಂದರೆ, ನಾಳವು ಕಲ್ಲಿನಿಂದ ಮುಚ್ಚಿದ್ದರೆ ಪಿತ್ತಕೋಶವು ಪ್ರಾಯಶಃ ಮುದುಡಿರುತ್ತದೆ; ಬೇರೆ ಕಾರಣದಿಂದ ಮುಚ್ಚಿದ್ದರೆ ಉಬ್ಬಿರುತ್ತದೆ. ಕಾಮಲೆಯುಳ್ಳವನ ಹೊಟ್ಟೆಯಲ್ಲಿ ನೋವಿಲ್ಲದ ಉಬ್ಬಿದ ಪಿತ್ತಕೋಶವು ಕೈಗೆ ಸಿಕ್ಕಿದರೆ ಅರ್ಬುದವನ್ನು ಶಂಕಿಸಬೇಕೆಂಬ ಪಾಠವು ಇದರಿಂದ ಬಂದಿತು. ಚರಕನು ಬಿಟ್ಟ ಪ್ರಶ್ನೆಗೆ ಇದು ಭಾಗಶಃ ಉತ್ತರವೆಂದು ಹೇಳಬಹುದು.

ಮುಂದಿನ ಶತಮಾನದಲ್ಲಿ ಕಣ್ಣಿಗೆ ಕಾಣದುದನ್ನು ಕಾಣಿಸುವ ಸಾಧನಗಳು ಒಂದೊಂದಾಗಿ ಬಂದುವು. ೧೯೨೪ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಗ್ರಹಾಂ ಮತ್ತು ಕೋಲ್ ಎಂಬವರು ಕ್ಷಕಿರಣದಲ್ಲಿ ಪಿತ್ತಕೋಶವನ್ನು ತೋರಿಸುವ ಉಪಾಯವನ್ನು ಕಂಡರು. ೧೯೬೫ರಲ್ಲಿ ಕ್ಲಾಟ್ಸ್ಕಿನ್ ಎಂಬವನು ಎಡ ಬಲ ಪಿತ್ತನಾಳಗಳು ಕೂಡುವ ಎಡೆಯಲ್ಲಿ ಹುಟ್ಟುವ ಅರ್ಬುದವನ್ನು ೧೩ ರೋಗಿಗಳ ನಿದರ್ಶನದಿಂದ ವಿವರಿಸಿದನು. ಆ ವ್ಯಾಧಿಯು ಇಂದಿಗೂ ಆತನ ಹೆಸರಿನಿಂದ ಕರೆಯಲ್ಪಡುತ್ತಿದೆ. ೧೯೬೮ರಲ್ಲಿ ಬಾಯಿಯ ಮೂಲಕ ಇಳಿಸಿದ ದರ್ಶಕನಳಿಗೆಯಿಂದ ಪಿತ್ತನಾಳದ ಬಾಯಿಯನ್ನು ತಲುಪುವುದು ಸಾಧ್ಯವಾಯಿತು. ೧೯೭೪ರಲ್ಲಿ ಜರ್ಮನಿ ಜಪಾನುಗಳ ವೈದ್ಯರು ಅದೇ ದಾರಿಯಿಂದ ನಾಳದ ಬಾಯನ್ನು ಸೀಳಿ ಅಗಲಿಸಿದರು. ೧೯೭೯ರಲ್ಲಿ ಹ್ಯಾಂಬರ್ಗಿನ ಸೂಹೆಂದ್ರನು ಮುಚ್ಚಿದ ನಾಳದೊಳಗೆ ಸಣ್ಣ ಕೊಳವೆಯನ್ನಿರಿಸಿ ಪಿತ್ತವು ಹರಿಯುವಂತೆ ಮಾಡಿದ ಕ್ರಮವು ಪ್ರಕಟವಾಯಿತು. ಸ್ಟೆಂಟ್ ಎಂದು ಕರೆಯಲ್ಪಡುವ ಈ ಕೊಳವೆಯು ಆಸ್ಪತ್ರೆಗಳ ಭಾರವನ್ನು ಒಂದೆಡೆ ಇಳಿಸಿ ಮತ್ತೊಂದೆಡೆ ಏರಿಸಿದ ಬಗೆಯನ್ನು ಮುಂದೆ ವಿವರಿಸಲಾಗುವುದು.

೪. ಭರತಖಂಡದಲ್ಲಿ ರೋಗದ ಲೆಕ್ಕ

ಎಷ್ಟು ಮಂದಿಗೆ ರೋಗವಿದೆಯೆಂಬುದನ್ನು ಬರೆದಿಡದೆ ಅದರ ಭಾರವನ್ನು ಅಳೆಯಲಾಗದು. ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿ ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೧೯೮೧ರಲ್ಲಿ ಕ್ಯಾನ್ಸರ್ ನೋಂದಣಿಯ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಿತು. ಬೆಂಗಳೂರು, ಮುಂಬಯಿ, ಮದರಾಸು (ಇಂದಿನ ಚೆನ್ನೈ) ಈ ಮೂರು ನಗರಗಳಲ್ಲಿ ಜನಸಮುದಾಯದ ನೋಂದಣಿಯೂ, ಚಂಡೀಗಢ, ದಿಬ್ರೂಗಢ, ತಿರುವನಂತಪುರಗಳಲ್ಲಿ ಆಸ್ಪತ್ರೆಯ ನೋಂದಣಿಯೂ ೧೯೮೨ರಿಂದ ನಡೆದುವು. ಬೆಂಗಳೂರಿನ ನೋಂದಣಿಯು ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ನೆಲೆಗೊಂಡಿತು; ಸಮಸ್ತ ದೇಶದ ಲೆಕ್ಕವನ್ನು ಕೂಡಿಸುವ ಕೇಂದ್ರವೂ ಬೆಂಗಳೂರಿನಲ್ಲಿಯೇ ಇರುವುದು ಕನ್ನಡಿಗರು ಗಮನಿಸತಕ್ಕ ಸಂಗತಿ.

ಇಲ್ಲಿ ಎರಡು ಬಗೆಯ ನೋಂದಣಿಗಳಿಗಿರುವ ಅಂತರವನ್ನು ತಿಳಿಯಬೇಕು. ಜನಸಮುದಾಯದ ನೋಂದಣಿಯು ಒಂದು ಊರಿನ ನಿವಾಸಿಗಳಲ್ಲಿ ಲಕ್ಷಕ್ಕೆ ಎಷ್ಟು ಮಂದಿ ರೋಗಿಗಳೆಂದು ಹೇಳುತ್ತದೆ. ಆಸ್ಪತ್ರೆಯ ನೋಂದಣಿಯು ಬಾಗಿಲಿಗೆ ಬಂದವರನ್ನು, ಅವರು ಎಲ್ಲಿಂದಲೇ ಬಂದಿರಲಿ, ಎಣಿಸುತ್ತದೆ. ಮೊದಲನೆಯದರಿಂದ ರೋಗದ ನೆಲೆಯೂ ಎರಡನೆಯದರಿಂದ ಆಸ್ಪತ್ರೆಯ ಭಾರವೂ ವಿದಿತವಾಗುವುವು. ಒಂದರಿಂದ ಮತ್ತೊಂದನ್ನು ಊಹಿಸಹೊರಟರೆ ಪ್ರಮಾದವಾಗುವುದು.

ಈ ಲೆಕ್ಕಗಳಿಂದ ಹೊರಪಟ್ಟ ಮುಖ್ಯ ಸಂಗತಿಯು ಉತ್ತರ ದಕ್ಷಿಣಗಳ ಮಹದಂತರ. ದೆಹಲಿಯಲ್ಲಿಯೂ ಅಸ್ಸಾಮಿನ ಕಾಮರೂಪದಲ್ಲಿಯೂ ಸ್ತ್ರೀಯರಲ್ಲಿ ಪಿತ್ತಕೋಶದ ಅರ್ಬುದವು ವರ್ಷಕ್ಕೆ ಲಕ್ಷಕ್ಕೆ ಹತ್ತರ ಆಚೀಚೆಯೂ ಅದಕ್ಕೆ ಮೇಲೆಯೂ ಕಂಡುಬಂದಿದೆ; ಬೆಂಗಳೂರು ಚೆನ್ನೈಗಳಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಗಂಗೆಯ ದಡದ ಉತ್ತರಪ್ರದೇಶ ಬಿಹಾರಗಳಿಂದ ಬ್ರಹ್ಮಪುತ್ರದ ಕಣಿವೆಯವರೆಗೆ ಈ ರೋಗವು ಒಂದು ಪಟ್ಟಿಯಂತೆ ಹಾಸಿಕೊಂಡಿದೆ. ಎಲ್ಲೆಡೆಯಲ್ಲಿಯೂ ಪುರುಷರಿಗಿಂತ ಸ್ತ್ರೀಯರಿಗೆ ಇದು ಹೆಚ್ಚು. ಒಂದೇ ದೇಶದಲ್ಲಿ ಇಷ್ಟು ಅಂತರವೇಕೆಂಬುದಕ್ಕೆ ಏಕೈಕ ಕಾರಣವು ನಿರ್ಣೀತವಾಗಿಲ್ಲ. ರೋಗಿಗಳಲ್ಲಿ ಬಹುಪಾಲು ಮಂದಿಗೆ ಪಿತ್ತದ ಕಲ್ಲುಗಳಿರುವುದು ನಿಶ್ಚಿತ. ಆದರೆ ಕಲ್ಲುಗಳಿರುವವರಲ್ಲಿ ಅರ್ಬುದವಾಗುವವರು ಅತ್ಯಲ್ಪರು. ವಿಷಮಶೀತಜ್ವರದ ಕ್ರಿಮಿಯು ಪಿತ್ತಕೋಶದಲ್ಲಿ ಬಹುಕಾಲ ನೆಲಸುವುದು, ಕುಡಿಯುವ ನೀರಿನಲ್ಲಿ ಪಾಷಾಣದ ಅಂಶ, ಕಲಬೆರಕೆಯ ಸಾಸಿವೆಯೆಣ್ಣೆ, ಬೂಷ್ಟುಹಿಡಿದ ಧಾನ್ಯದ ವಿಷ ಇವುಗಳ ಮೇಲೆ ಸಂಶೋಧಕರ ಶಂಕೆಯಿದೆ. ಶಂಕೆಯನ್ನು ಸಿದ್ಧಾಂತವೆಂದು ಬರೆಯುವುದು ಚರಿತ್ರಕಾರನಿಗೆ ತರವಲ್ಲ.

೫. ಅನ್ಯದೇಶಗಳ ನಿದರ್ಶನಗಳು

ಕಾರಣವು ತಿಳಿದೆಡೆಯಲ್ಲಿ ಏನಾಗಬಹುದೆಂಬುದಕ್ಕೆ ಮೂರು ದೇಶಗಳ ಚರಿತ್ರೆಯು ನಿದರ್ಶನವಾಗಿದೆ.

ಥಾಯ್ ದೇಶದ ಈಶಾನ್ಯಭಾಗದಲ್ಲಿ, ವಿಶೇಷವಾಗಿ ಖೋನ್ ಕೇನ್ ಪ್ರಾಂತದಲ್ಲಿ, ಪಿತ್ತನಾಳದ ಅರ್ಬುದವು ಲೋಕದಲ್ಲೆಲ್ಲ ಅತ್ಯಧಿಕವಾಗಿ ಕಂಡುಬಂದಿದೆ. ಅಲ್ಲಿಯ ಜನರು ಸಿಹಿನೀರಿನ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ ಹುಳಿ ಖಾರಗಳೊಡನೆ ತಿನ್ನುವ ವಾಡಿಕೆಯುಳ್ಳವರು. ಆ ಮೀನಿನಲ್ಲಿರುವ ಚಪ್ಪಟೆಯಾದ ಹುಳುವು ಪಿತ್ತನಾಳವನ್ನು ಸೇರಿ ವರ್ಷಗಟ್ಟಲೆ ಅಲ್ಲಿಯೇ ಬಾಳುತ್ತದೆ. ಆ ಹುಳುವು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು ೧೯೯೪ರಲ್ಲಿ ನಿರ್ಣಯಿಸಿತು. ಹುಳುವನ್ನು ಕೊಲ್ಲುವ ಔಷಧವುಂಟು. ಆದರೆ ಔಷಧವನ್ನು ನುಂಗಿದವನು ಮತ್ತೆ ಹಸಿಮೀನನ್ನು ತಿಂದರೆ ಹುಳುವೂ ಮತ್ತೆ ಬರುವುದು. ಆಹಾರದ ಆಚಾರವು ಔಷಧಕ್ಕಿಂತ ಬಲವತ್ತರವೆಂಬುದು ಅಲ್ಲಿಯ ವೈದ್ಯರು ಕಂಡ ಸತ್ಯ.

ಜಪಾನಿನ ಓಸಾಕಾ ನಗರದ ಒಂದು ಮುದ್ರಣಾಲಯದಲ್ಲಿ ಯೌವನಸ್ಥರಾದ ಕೆಲಸಗಾರರಿಗೆ ಪಿತ್ತನಾಳದ ಅರ್ಬುದವು ಅಸಹಜವಾದ ಸಂಖ್ಯೆಯಲ್ಲಿ ಬಂದಿದ್ದ ಸಂಗತಿಯು ೨೦೧೨ರಲ್ಲಿ ಬಹಿರಂಗವಾಯಿತು. ಯಂತ್ರದ ಮೇಲಿನ ಮಸಿಯನ್ನು ತೊಳೆಯಲು ಗಾಳಿಯಾಡದ ಕೋಣೆಯಲ್ಲಿ ಬಳಸುತ್ತಿದ್ದ ಡೈಕ್ಲೋರೊಪ್ರೊಪೇನ್ ಎಂಬ ದ್ರವದ ಮೇಲೆ ಶಂಕೆ ನೆಟ್ಟಿತು. ೨೦೧೪ರಲ್ಲಿ ಆ ದ್ರವವೂ ಅರ್ಬುದಕಾರಕಗಳ ಪಟ್ಟಿಯನ್ನು ಸೇರಿತು. ಗ್ರಂಥಗಳನ್ನು ಅಚ್ಚುಮಾಡುವ ಶಾಲೆಯೇ ಮೃತ್ಯುವಿನ ಮನೆಯಾದುದು ಶೋಚನೀಯ. ಆದರೆ ಕಾರಣವನ್ನು ಹಿಡಿದೊಡನೆ ಅದನ್ನು ತೊಲಗಿಸಬಹುದೆಂಬುದೂ ಇದರಿಂದ ತೋರಿತು.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಅದರಲ್ಲಿಯೂ ಅಲ್ಲಿಯ ಮೂಲನಿವಾಸಿಗಳಾದ ಮಪೂಚೆ ಜನರಲ್ಲಿ, ಪಿತ್ತಕೋಶದ ಕಲ್ಲುಗಳೂ ಅರ್ಬುದವೂ ಬಹಳ. ಆ ದೇಶದ ಸರಕಾರವು ೨೦೦೬ರಿಂದ ೩೫ ವರ್ಷದಿಂದ ೪೯ ವರ್ಷದೊಳಗಿನ ಕಲ್ಲುರೋಗಿಗಳ ಪಿತ್ತಕೋಶವನ್ನು ಅರ್ಬುದವಾಗುವುದಕ್ಕೆ ಮುಂಚೆಯೇ ತೆಗೆಸಿಕೊಳ್ಳುವ ಹಕ್ಕನ್ನು ಪ್ರಜೆಗಳಿಗೆ ಕೊಟ್ಟಿತು. ಒಬ್ಬನನ್ನು ಉಳಿಸುವುದಕ್ಕಾಗಿ ಅನೇಕರಿಗೆ ಶಸ್ತ್ರಕ್ರಿಯೆಯಾಗಬೇಕಾದ ಈ ಮಾರ್ಗವು ಎಲ್ಲ ದೇಶಗಳಿಗೂ ಹೊಂದುವುದೆಂದು ಹೇಳಲಾಗದು. ರೋಗವು ಬಂದಮೇಲೆ ಆಸ್ಪತ್ರೆಯು ಹೊರುವ ಭಾರವನ್ನು ಬರುವ ಮುನ್ನವೇ ಹೊರಲು ಒಂದು ರಾಜ್ಯವು ಮುಂದಾದುದಕ್ಕೆ ಮಾತ್ರ ಇದು ದೃಷ್ಟಾಂತ.

೬. ಆಸ್ಪತ್ರೆಯು ಹೊರುವ ಭಾರ

ಪ್ರಪಂಚದಲ್ಲಿ ೨೦೨೨ರಲ್ಲಿ ಪಿತ್ತಕೋಶದ ಅರ್ಬುದವು ಹೊಸದಾಗಿ ಬಂದವರ ಸಂಖ್ಯೆಯನ್ನು ಸುಮಾರು ೧ ಲಕ್ಷ ೨೨ ಸಾವಿರವೆಂದೂ ಅದರಿಂದ ಮೃತರಾದವರನ್ನು ಸುಮಾರು ೮೯ ಸಾವಿರವೆಂದೂ ಅಂದಾಜುಮಾಡಲಾಗಿದೆ. ಸ್ತನ ಶ್ವಾಸಕೋಶಗಳ ಅರ್ಬುದಗಳ ಮುಂದೆ ಇದು ಸಣ್ಣ ಸಂಖ್ಯೆ. ಆದರೆ ಭಾರವನ್ನು ತಲೆಯೆಣಿಕೆಯಿಂದ ಮಾತ್ರ ಅಳೆಯಬಾರದು. ಒಬ್ಬೊಬ್ಬ ರೋಗಿಗೆ ಏನೇನು ಬೇಕಾಗುವುದೆಂಬುದನ್ನು ನೋಡಬೇಕು.

ಕಾಮಲೆಯೊಡನೆ ಬಂದ ರೋಗಿಗೆ ಮೊದಲು ದಾರಿಯನ್ನು ಬಿಡಿಸಬೇಕು. ಪಿತ್ತವು ಇಳಿಯದೆ ಔಷಧಚಿಕಿತ್ಸೆಯನ್ನು ನಿರ್ಭಯವಾಗಿ ಆರಂಭಿಸಲಾಗದು. ಆದುದರಿಂದ ಸ್ಟೆಂಟನ್ನು ಇಡುತ್ತಾರೆ, ಇಲ್ಲವೆ ಪಕ್ಕೆಯಿಂದ ಸೂಜಿಯನ್ನು ಚುಚ್ಚಿ ಕೊಳವೆಯ ಮೂಲಕ ಪಿತ್ತವನ್ನು ಹೊರಕ್ಕೆ ಹರಿಸುತ್ತಾರೆ. ಅಗ್ಗವಾದ ಪ್ಲಾಸ್ಟಿಕ್ ಸ್ಟೆಂಟು ಮೂರು ನಾಲ್ಕು ತಿಂಗಳಿನಲ್ಲಿ ಕಟ್ಟಿಕೊಳ್ಳುವುದು ಸಾಮಾನ್ಯ. ಲೋಹದ್ದು ಹೆಚ್ಚು ಕಾಲ ನಿಲ್ಲುವುದಾದರೂ ಬೆಲೆಯು ಅಧಿಕ. ಕಟ್ಟಿಕೊಂಡ ನಾಳದಲ್ಲಿ ಕೀವಾಗಿ ಚಳಿಜ್ವರವು ಬಂದರೆ ರೋಗಿಯು ನಡುರಾತ್ರಿಯಲ್ಲಿ ಮತ್ತೆ ಆಸ್ಪತ್ರೆಗೆ ಬರಬೇಕು, ಕೊಳವೆಯನ್ನು ಬದಲಿಸಬೇಕು. ಹಿಂದೆ ಕೆಲವು ವಾರಗಳಲ್ಲಿ ಮುಗಿಯುತ್ತಿದ್ದ ಜೀವವನ್ನು ಈ ಉಪಾಯವು ತಿಂಗಳುಗಳಿಗೆ ಬೆಳೆಸಿತು. ಅದರೊಡನೆ ಒಬ್ಬನೇ ರೋಗಿಯು ಅನೇಕಾವೃತ್ತಿ ಹಾಸಿಗೆ ಹಿಡಿಯುವುದೂ ಬೆಳೆಯಿತು. ಭಾರವು ಒಂದೆಡೆ ಇಳಿದು ಮತ್ತೊಂದೆಡೆ ಏರಿತೆಂದು ಹಿಂದೆ ಹೇಳಿದುದರ ಅಭಿಪ್ರಾಯವಿದು.

ಔಷಧಗಳಿಂದ ದೊರೆತ ಲಾಭವನ್ನೂ ಉಳ್ಳಷ್ಟೇ ಹೇಳಬೇಕು. ಶಸ್ತ್ರಕ್ರಿಯೆಗೆ ಮೀರಿದ ಪಿತ್ತಕೋಶಾರ್ಬುದದ ೮೧ ರೋಗಿಗಳ ಮೇಲೆ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನಡೆದ ಪರೀಕ್ಷೆಯು ೨೦೧೦ರಲ್ಲಿ ಪ್ರಕಟವಾಯಿತು. ಜೆಮ್‌ಸಿಟಬೀನ್ ಮತ್ತು ಆಕ್ಸಾಲಿಪ್ಲಾಟಿನ್ ಎಂಬ ಔಷಧಗಳನ್ನು ಪಡೆದವರ ಮಧ್ಯಮ ಆಯುಸ್ಸು ೯.೫ ತಿಂಗಳೂ, ಉಪಶಮನವನ್ನು ಮಾತ್ರ ಪಡೆದವರದು ೪.೫ ತಿಂಗಳೂ ಆಗಿದ್ದುವು. ಅದೇ ವರ್ಷ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಎರಡು ಔಷಧಗಳನ್ನು ಕೂಡಿಸಿ ಪಡೆದವರಿಗೆ ೧೧.೭ ತಿಂಗಳೂ ಒಂದನ್ನೇ ಪಡೆದವರಿಗೆ ೮.೧ ತಿಂಗಳೂ ದೊರೆತುವು. ಐದು ತಿಂಗಳ ಆಯುಸ್ಸು ಅಲ್ಪವೆಂದು ಆರೋಗ್ಯವಂತನಿಗೆ ತೋರಬಹುದು. ಮಗಳ ಮದುವೆಯನ್ನು ಕಾಣಬೇಕೆಂದಿರುವ ತಾಯಿಗೆ ಅದು ಅಲ್ಪವಲ್ಲ.

ಇನ್ನು ದೂರದ ವಿಚಾರ. ಬಿಹಾರ ಮತ್ತು ಪೂರ್ವೋತ್ತರಪ್ರದೇಶಗಳ ರೋಗಿಗಳು ಬಹುಕಾಲ ಲಖನೌ, ದೆಹಲಿ, ಮುಂಬಯಿಗಳವರೆಗೆ ರೈಲಿನಲ್ಲಿ ಪಯಣಮಾಡಬೇಕಾಗಿತ್ತು. ರೋಗಿಯೊಡನೆ ದುಡಿಯುವ ಮತ್ತೊಬ್ಬನೂ ಮನೆಬಿಟ್ಟು ಬರುವುದರಿಂದ ಬಡವರ ಮನೆಯಲ್ಲಿ ಆದಾಯವು ಎರಡು ಕಡೆಯಿಂದ ಕಡಿದುಹೋಗುತ್ತದೆ. ವಾರಾಣಸಿಯಲ್ಲಿ ೨೦೧೮-೧೯ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಎರಡು ಕ್ಯಾನ್ಸರ್ ಆಸ್ಪತ್ರೆಗಳು ಆರಂಭವಾದುದರಿಂದ ಈ ಯಾತ್ರೆಯು ಸ್ವಲ್ಪಮಟ್ಟಿಗೆ ಕುಗ್ಗಿತು. ರೋಗವಿರುವ ನೆಲಕ್ಕೆ ಆಸ್ಪತ್ರೆಯನ್ನು ಒಯ್ಯಬೇಕೆಂಬುದನ್ನು ನೋಂದಣಿಯ ಲೆಕ್ಕಗಳು ಅದಕ್ಕಿಂತ ದಶಕಗಳ ಮುಂಚೆಯೇ ಸೂಚಿಸಿದ್ದುವೆಂಬುದನ್ನು ಮರೆಯಲಾಗದು.

ಆಸ್ಪತ್ರೆಯೊಳಗೆಯೇ ಕಳೆದುಹೋಗುವ ಅವಕಾಶವೂ ಒಂದುಂಟು. ೧೯೮೫ರಲ್ಲಿ ಜರ್ಮನಿಯ ಮ್ಯೂಎ ಎಂಬವನು ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆದಮೇಲೆ ಆ ಶಸ್ತ್ರಕ್ರಿಯೆಯು ಸಣ್ಣ ಊರುಗಳವರೆಗೆ ಹರಡಿತು. ಕಲ್ಲಿಗಾಗಿ ತೆಗೆದ ಪಿತ್ತಕೋಶದಲ್ಲಿ ಕೆಲವೊಮ್ಮೆ ಯಾರೂ ಶಂಕಿಸದ ಅರ್ಬುದವು ಸೂಕ್ಷ್ಮದರ್ಶಕದಲ್ಲಿ ಕಾಣುವುದು. ಅದು ಒಳಪದರವನ್ನು ದಾಟದಿದ್ದರೆ ಆದ ಶಸ್ತ್ರಕ್ರಿಯೆಯೇ ಸಾಕು. ಆಳಕ್ಕಿಳಿದಿದ್ದರೆ ಯಕೃತ್ತಿನ ಭಾಗವನ್ನೂ ರಸಗ್ರಂಥಿಗಳನ್ನೂ ತೆಗೆಯಲು ಎರಡನೆಯ ಶಸ್ತ್ರಕ್ರಿಯೆಯಾಗಬೇಕು. ಈ ರೋಗವು ಗುಣವಾಗುವ ಹಂತದಲ್ಲಿ ಕೈಗೆ ಸಿಕ್ಕುವುದು ಬಹುಮಟ್ಟಿಗೆ ಹೀಗೆಯೇ. ತೆಗೆದ ಪಿತ್ತಕೋಶವನ್ನು ಪರೀಕ್ಷೆಗೆ ಕಳುಹಿಸದೆ ಎಸೆದಲ್ಲಿ ಆ ಒಂದು ಅವಕಾಶವೂ ಅದರೊಡನೆ ಹೋಗುವುದು.

೭. ಉಪಸಂಹಾರ

ಕನ್ನಡನಾಡಿನಲ್ಲಿ ಈ ರೋಗವು ಗಂಗಾತೀರದಷ್ಟಿಲ್ಲದಿರುವುದು ಭಾಗ್ಯವೇ ಸರಿ. ಆದರೆ ವಿರಳವಾದುದರಿಂದಲೇ ಅದನ್ನು ಶಂಕಿಸುವವರೂ ವಿರಳ. ಕಣ್ಣು ಹಳದಿಯಾದೊಡನೆ ಹಳ್ಳಿಗಳಲ್ಲಿ ಕಾಮಾಲೆಯೆಂದು ಹೇಳಿ ನೆಲನೆಲ್ಲಿಯ ರಸವನ್ನು ಕುಡಿಸಿ ಪಥ್ಯವನ್ನು ಕಟ್ಟುವುದು ರೂಢಿ. ತಾನಾಗಿಯೇ ಇಳಿಯುವ ಕಾಮಾಲೆಗಳು ಬಹಳವಾಗಿರುವುದರಿಂದ ಈ ಮದ್ದಿಗೆ ಯಶಸ್ಸೂ ಸಂದಿದೆ. ದಾರಿಯು ಮುಚ್ಚಿಹೋಗಿರುವ ರೋಗಿಗೆ ಮಾತ್ರ ಈ ಪಥ್ಯದ ವಾರಗಳು ಮತ್ತೆ ಬಾರದ ವಾರಗಳು.

ಪೂರ್ವಾಚಾರ್ಯರಲ್ಲಿ ಭಕ್ತಿಯುಳ್ಳವರು ಇಲ್ಲಿ ಅವರ ಮಾತನ್ನು ನಿಜವಾಗಿ ನಡೆಸಬಹುದಾಗಿದೆ. ಅರ್ಬುದದ ಸಕಲ ಮರ್ಮವನ್ನೂ ಚರಕ ಸುಶ್ರುತರು ಬಲ್ಲವರಾಗಿದ್ದರೆಂದು ವಾದಿಸುವುದರಿಂದ ಒಬ್ಬ ರೋಗಿಯೂ ಬದುಕುವುದಿಲ್ಲ. ಎರಡು ಕಾಮಲೆಗಳನ್ನು ಬೇರ್ಪಡಿಸಿ ನೋಡಬೇಕೆಂದು ಅವರು ವಿಧಿಸಿದುದನ್ನು ಪಾಲಿಸಿದರೆ ಬದುಕಬಹುದು. ಅರೆದ ಎಳ್ಳಿನಂತಹ ಮಲ, ಹಳದಿಯ ಕಣ್ಣು, ಮೈತುರಿಕೆ, ಕರಗುತ್ತಿರುವ ದೇಹ ಇವು ಒಟ್ಟುಗೂಡಿದೆಡೆ ನಾಟಿಮದ್ದಿನಲ್ಲಿ ಕಾಲಕಳೆಯದೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಅದರಿಂದ ಆಸ್ಪತ್ರೆಯ ಭಾರವು ತಗ್ಗದಿರಬಹುದು; ಆ ಭಾರದಲ್ಲಿ ಗುಣವಾಗತಕ್ಕವರ ಪಾಲು ಹೆಚ್ಚುವುದು.